ಬೈಗುಳದ ಬ್ಯಾಕಪ್

ಹೋದ ವರ್ಷದ ಕ್ಯಾಲೆಂಡರನ್ನು ನಾನಿನ್ನೂ ಗೋಡೆಯಿಂದ ಇಳಿಸಿಲ್ಲ. ಹೊಸದನ್ನು ಅದರ ಮೇಲೇ ನೇತುಹಾಕಿದ್ದೇನೆ. ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರಿಗೆ ಕೈತುಂಬ ಕೆಲಸವಿರುತ್ತದೆ. ಕಪಾಟಿನ ಹಲಗೆಗೆ ಹಾಸಬೇಕು, ಮಗಳ ಪುಸ್ತಕಕ್ಕೆ ರಟ್ಟು ಹಾಕಬೇಕು, ಮಿಕ್ಕಿದ್ದರಲ್ಲಿ ಹಪ್ಪಳ ಸುತ್ತಿಡಬೇಕು. ಈ ಸಲ ನನ್ನ ಗಂಡ ಕತ್ತರಿ ಹಿಡಿದು ಬಂದಾಗ ನಾನು ಗೋಡೆಗೆ ಅಡ್ಡ ನಿಂತೆ. "ಅದರಲ್ಲೇನಿದೆಯೇ ಅಂಥದ್ದು?" ಎಂದರು. ಇದೆ. ಒಂದು ಭಾನುವಾರದ ಚೌಕದಲ್ಲಿ, ಪೆನ್ಸಿಲಿನಲ್ಲಿ, ಒಂದು ಬೈಗುಳ ಬರೆದಿದೆ. ಜಾಗ ಸಾಲದೆ ಪಕ್ಕದ ಚೌಕಕ್ಕೂ ಹಬ್ಬಿದೆ. ನನಗೆ ಬಿದ್ದ ಬೈಗುಳವಲ್ಲ ಅದು. ಯಾರದೋ ತಾಯಿ ಯಾರನ್ನೋ ಬೈದದ್ದು. ಅದನ್ನು ಕಾಪಾಡುವ ಜವಾಬ್ದಾರಿ ನನ್ನ ತಲೆಗೆ ಹೇಗೆ ಬಂತು ಎಂದು ಹೇಳಬೇಕಾದರೆ ರಾಹುಕಾಲದಿಂದ ಶುರುಮಾಡಬೇಕು. ಈಗ ಗಂಟೆ ಎಷ್ಟಾಗಿದೆಯೋ ನಾನು ನೋಡಿಲ್ಲ. ಶುರುಮಾಡಿಯೇ ಬಿಡುತ್ತೇನೆ.

ನಾನಿರುವುದು ಸೊರಬದಲ್ಲಿ. ಕೆಲಸ ಶಿಕಾರಿಪುರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ದಿನಾ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋಗಿಬರುವವಳು. ಲ್ಯಾಬಿನಲ್ಲಿ ಇಪ್ಪತ್ತೆರಡು ಕಂಪ್ಯೂಟರುಗಳು, ಮೂಲೆಯ ಗಾಜಿನ ಬಾಗಿಲಿನ ಕೋಣೆಯಲ್ಲಿ ಒಂದು ಸರ್ವರ್. ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮು, ಆಫೀಸಿನ ಕಾಗದಪತ್ರ ಎಲ್ಲವೂ ಆ ಸರ್ವರಿನ ಹೊಟ್ಟೆಯಲ್ಲಿ. ಎಲ್ಲದರಲ್ಲೂ ಓಡುವುದು ಲಿನಕ್ಸ್. ಆಡಳಿತ ಮಂಡಳಿಯವರು ಲಿನಕ್ಸನ್ನು ಒಪ್ಪಿಕೊಂಡದ್ದು ಅದರ ಗುಣಕ್ಕೆ ಮರುಳಾಗಿ ಅಲ್ಲ. ಪುಕ್ಕಟೆ ಸಿಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಮೀಟಿಂಗು ಐದೇ ನಿಮಿಷಕ್ಕೆ ಮುಗಿಯಿತಂತೆ. ಉಪ್ಪಿಟ್ಟು ಬರುವುದಕ್ಕೂ ಮೊದಲೇ ಮುಗಿದುಹೋಯಿತು ಎಂದು ಈಗಲೂ ಕೆಲವರಿಗೆ ಬೇಜಾರಿದೆ.

ಇದನ್ನೆಲ್ಲ ನೋಡಿಕೊಳ್ಳುವವಳಿಗೆ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂದು ದೊಡ್ಡ ಹೆಸರು. ನಿಜಕ್ಕೂ ಅದು ಮದುವೆಮನೆಯ ಉಗ್ರಾಣ ನೋಡಿಕೊಳ್ಳುವವರ ಕೆಲಸ. ಎಲ್ಲ ಸರಿಯಿದ್ದರೆ ನೀವೊಬ್ಬರು ಇದ್ದೀರಿ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಉಪ್ಪು ಮುಗಿದ ಕ್ಷಣ ಎಲ್ಲರ ಬಾಯಲ್ಲೂ ನಿಮ್ಮದೇ ಹೆಸರು. ಒಮ್ಮೆ ಸರ್ವರ್ ಡಿಸ್ಕು ತುಂಬಿದೆ, ಇನ್ನೊಂದು ಅಕ್ಷರಕ್ಕೂ ಜಾಗವಿಲ್ಲ ಎಂದು ಮುಷ್ಕರ ಹೂಡಿತು. ಹುಡುಗರು ಸಿನಿಮಾ ತುಂಬಿಟ್ಟಿದ್ದಾರೆ ಎಂದು ನಾನು ಇಡೀ ತರಗತಿಯನ್ನು ನಿಲ್ಲಿಸಿ ಬೈದೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದು ಪ್ರಿಂಟರಿನ ದಿನಚರಿ. ಆಫೀಸಿನ ಪ್ರಿಂಟರಿಗೆ ಯಾರೋ ಕಾಗದ ಹಾಕಿರಲಿಲ್ಲ. ಅದು ಪಾಪ, ತಿಂಗಳುಗಟ್ಟಲೆ, ಸೆಕೆಂಡಿಗೊಂದು ಸಲ, "ಕಾಗದ ಇಲ್ಲ" ಎಂದು ಬರೆಯುತ್ತಲೇ ಇತ್ತು. ಒಂದು ಪ್ರಿಂಟರಿನ ಗೊಣಗಾಟಕ್ಕೆ ಇಡೀ ಕಾಲೇಜಿನ ಡಿಸ್ಕು ತುಂಬಿಹೋಗಿತ್ತು. ಹುಡುಗರ ಹತ್ತಿರ ತಪ್ಪಾಯಿತು ಎಂದು ಹೇಳಿದೆನೇ? ಇಲ್ಲ. ಮರುದಿನ ಎಲ್ಲರಿಗೂ ಹಾಜರಿ ಕೊಟ್ಟು ಸುಮ್ಮನಾದೆ.

ಇನ್ನು ಶಂಕರಪ್ಪನವರ ವಿಷಯ. ಅವರು ನಮ್ಮ ಆಫೀಸ್ ಸೂಪರಿಂಟೆಂಡೆಂಟರು. ಆನವಟ್ಟಿಯವರು, ತಾಯಿ ಗಂಗಮ್ಮ ಅಲ್ಲೇ ತಮ್ಮನ ಮನೆಯಲ್ಲಿದ್ದಾರೆ, ಇವರು ಶಿಕಾರಿಪುರದಲ್ಲಿ ಮನೆ ಮಾಡಿದ್ದಾರೆ, ಭಾನುವಾರ ತಪ್ಪದೆ ಬೈಕಿನಲ್ಲಿ ಅವ್ವನನ್ನು ನೋಡಿಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸದಾ ಸರಿಯಾದ ಸಮಯ ತೋರಿಸುವ ವಾಚು. ರಾಹುಕಾಲದಲ್ಲಿ ಅವರು ಸಹಿ ಹಾಕುವುದಿಲ್ಲ. ಹಾಕುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಕಾಗದವನ್ನು ಮುಂದಿಟ್ಟುಕೊಂಡು ನಿಧಾನವಾಗಿ ಓದುತ್ತಾರೆ, ಕನ್ನಡಕ ಒರೆಸುತ್ತಾರೆ, ಮತ್ತೆ ಮೊದಲಿನಿಂದ ಓದುತ್ತಾರೆ. ರಾಹುಕಾಲ ಕಳೆದ ಒಂದು ನಿಮಿಷಕ್ಕೆ ಪೆನ್ನು ತೆಗೆಯುತ್ತಾರೆ.

ನಾನು ಕೆಲಸಕ್ಕೆ ಸೇರಿ ಸರ್ವರಿಗೆ ಹೊಸದಾಗಿ ಲಿನಕ್ಸ್ ಹಾಕಿದ ವಾರ ಅವರು ಗಾಜಿನ ಕೋಣೆಗೆ ಬಂದರು.

"ಮೇಡಂ, ಎಲ್ಲದಕ್ಕೂ ಒಂದು ನಕಲು ತಗದಿಡ್ತೀರಂತಲ್ಲ. ಅದು ಎಷ್ಟೊತ್ತಿಗೆ ಆಗ್ತೈತಿ?"

"ಬ್ಯಾಕಪ್ಪಾ ಸಾರ್? ಮಧ್ಯಾಹ್ನ ಒಂದು ಗಂಟೆಗೆ. ಎಲ್ಲರೂ ಊಟಕ್ಕೆ ಹೋಗಿರ್ತಾರೆ. ತಾನಾಗೇ ಬೇರೆ ಡಿಸ್ಕಿಗೆ ಹೋಗುತ್ತೆ, ಹತ್ತು ನಿಮಿಷದ ಕೆಲಸ. ಯಾವುದೂ ಒಂದೇ ಕಡೆ ಇರಬಾರದು, ಎರಡು ಕಡೆ ಇರಬೇಕು ಸಾರ್."

"ದಿನಾ ಒಂದಕ್ಕೇ? ಬುಧವಾರನೂ?"

"ಬುಧವಾರನೂ."

"ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ ಅಲ್ರೀ ಮೇಡಂ!"

"ಸಾರ್, ಅದು ಕಂಪ್ಯೂಟರ್."

"ಕಂಪ್ಯೂಟರ್ ಆದ್ರೇನ್ರಿ? ಕೂಡಿಡೋ ಕೆಲಸ ಹೌದೋ ಅಲ್ಲೋ?"

ನಾನು ಸಿಟ್ಟಿಗೆ ಒಪ್ಪಿಕೊಂಡುಬಿಟ್ಟೆ. ಲಿನಕ್ಸಿನಲ್ಲಿ ಕ್ರಾನ್ ಎಂದೊಬ್ಬ ಆಳಿದ್ದಾನೆ. ಯಾವ ಕೆಲಸ, ಎಷ್ಟು ಗಂಟೆಗೆ, ಯಾವ ವಾರ ಎಂದು ಒಂದು ಪಟ್ಟಿ ಬರೆದುಕೊಟ್ಟರೆ ಸಾಕು, ಚಾಚೂ ತಪ್ಪದೆ ಮಾಡುತ್ತಾನೆ, ಯಾಕೆ ಎಂದು ಕೇಳುವುದಿಲ್ಲ. ಆ ಪಟ್ಟಿಯಲ್ಲಿ ವಾರಕ್ಕೆಂದೇ ಒಂದು ಕಾಲಂ ಇದೆ. ಅದನ್ನು ಯಾವ ದೇಶದ ಯಾವ ಪುಣ್ಯಾತ್ಮ ಯಾಕೆ ಇಟ್ಟನೋ, ನನಗಂತೂ ಅವತ್ತು ಅದು ಶಂಕರಪ್ಪನವರಿಗಾಗಿಯೇ ಇಟ್ಟದ್ದು ಅನ್ನಿಸಿತು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಸೋಮವಾರ ಒಂದು ಗಂಟೆ ಇರಲಿ. ಬುಧವಾರ ಎರಡಕ್ಕೆ. ಗುರುವಾರ ಮೂರೂಕಾಲಿಗೆ. ಶನಿವಾರ ಅರ್ಧ ದಿನ, ಹನ್ನೊಂದಕ್ಕೆ. ಎಲ್ಲರೂ ಒಂದೇ ಸಾಲು ಬರೆಯುವ ಕಡೆ ನಾನು ಆರು ಸಾಲು ಬರೆದೆ.

"ಮಂಗಳವಾರಾನೂ ಒಂದಕ್ಕೇ ಇರಲಾ ಸಾರ್? ಅವತ್ತು ರಾಹುಕಾಲ ಮೂರು ಗಂಟೆಗಲ್ವಾ?"

"ಬ್ಯಾಡ ಬ್ಯಾಡ. ನಿಮ್ಮ ಬ್ಯಾಕಪ್ಪು ಎಳದಾಡಿ ಎಳದಾಡಿ ಮೂರಕ್ಕೆ ಮುಟ್ಟಿದ್ರೆ? ಮಂಗಳವಾರ ಅಂದ್ರೆ ನನಗೆ ಮೊದಲೇ ಅಂಜಿಕೆ. ಬೆಳಿಗ್ಗೆ ಹತ್ತೂಕಾಲಿಗೇ ಮುಗಿಸಿ ಕೈ ತೊಳಕೊಂಡುಬಿಡ್ರಿ."

ಹತ್ತೂಕಾಲು ಎಂದು ಬರೆದೆ. ಸಂಜೆ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ನಗುವ ಹಕ್ಕು ನನಗೇನೂ ಇರಲಿಲ್ಲ ಎನ್ನುವುದು ಶಿರಾಳಕೊಪ್ಪ ದಾಟುವ ಹೊತ್ತಿಗೆ ನೆನಪಾಯಿತು. ಯಾಕೆಂದರೆ ನಾನು ಜಡೆ ಎಂಬ ಊರಿನ ಅಜ್ಜನ ಮೊಮ್ಮಗಳು.

ನಮ್ಮಜ್ಜನ ಹತ್ತಿರ ರಾಹುಕಾಲಕ್ಕೆ ಒಂದು ಪರಿಹಾರವಿತ್ತು. ಕೆಟ್ಟ ಹೊತ್ತಿನಲ್ಲಿ ಮನೆ ಬಿಡಲೇಬೇಕಾದರೆ, ಅದಕ್ಕೂ ಮೊದಲೇ, ಒಳ್ಳೆಯ ಹೊತ್ತಿನಲ್ಲಿ, ಚೀಲವನ್ನು ಒಯ್ದು ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಚೀಲ ಹೊಸಿಲು ದಾಟಿತು ಎಂದರೆ ಪ್ರಯಾಣ ಶುರುವಾಯಿತು ಎಂದೇ ಲೆಕ್ಕ. ಆಮೇಲೆ ನೀವು ಯಾವಾಗ ಬೇಕಾದರೂ ಹೊರಡಿ, ರಾಹು ನಿಮ್ಮನ್ನು ಮುಟ್ಟುವಂತಿಲ್ಲ. ನನ್ನ ಹತ್ತನೇ ತರಗತಿಯ ಮೊದಲ ಪರೀಕ್ಷೆ ಸೋಮವಾರವಿತ್ತು. ಸೊರಬಕ್ಕೆ ಹೋಗುವ ಬಸ್ಸು ಎಂಟು ಗಂಟೆಗೆ, ರಾಹುಕಾಲ ಏಳೂವರೆಗೆ. ಅಜ್ಜ ಏಳಕ್ಕೇ ನನ್ನ ಚೀಲವನ್ನು ಪಕ್ಕದ ಮನೆ ಸರೋಜಕ್ಕನ ಜಗಲಿಯ ಮೇಲೆ ಇಟ್ಟುಬಂದರು. ಸರೋಜಕ್ಕ, ನಾಯಿ ಎಳೆದೀತು ಎಂದು ಚೀಲವನ್ನು ಒಳಗಿಟ್ಟು, ಮನೆಗೆ ಬೀಗ ಹಾಕಿ, ಆನವಟ್ಟಿ ಸಂತೆಗೆ ಹೋದಳು. ಪರೀಕ್ಷೆಯ ಹಾಲ್ ಟಿಕೆಟ್ಟು ಆ ಚೀಲದಲ್ಲಿತ್ತು.

ಬೀಗ ನೋಡಿ ನಾನು ಅಂಗಳದಲ್ಲಿ ಕೂತು ಅಳತೊಡಗಿದೆ. ಅಜ್ಜ ಪಂಚೆ ಎತ್ತಿ ಕಟ್ಟಿ, ಏಣಿ ಹಾಕಿ, ಸರೋಜಕ್ಕನ ಮಾಡು ಹತ್ತಿ ಆರು ಹೆಂಚು ತೆಗೆದರು. ಕಂಡಿ ಅವರಿಗೆ ಸಾಲಲಿಲ್ಲ. ನನ್ನನ್ನೇ ಹಗ್ಗ ಕಟ್ಟಿ ಇಳಿಸಿದರು. ಇಳಿದದ್ದು ನೇರ ಅಡುಗೆಮನೆಯ ಒಲೆಯ ಪಕ್ಕಕ್ಕೆ. ತಲೆಯ ತುಂಬ ಮಸಿ ಹೊತ್ತುಕೊಂಡು ಕನ್ನಡ ಪರೀಕ್ಷೆ ಬರೆದೆ. ಸಂಜೆ ಸರೋಜಕ್ಕ ಬಂದವಳು, "ಅಯ್ಯೋ ಅಜ್ಜಯ್ಯಾ, ಬೀಗದ ಕೈ ಕಿಟಕಿ ಮೇಲೇ ಇರುತ್ತಲ್ಲ, ಊರಿಗೆಲ್ಲ ಗೊತ್ತಲ್ಲ!" ಎಂದಳು. ಅಜ್ಜ ಸ್ವಲ್ಪವೂ ಅಳುಕಲಿಲ್ಲ. "ನೋಡಿದ್ಯಾ, ಪ್ರಸ್ಥಾನ ಇಟ್ಟಿದ್ದಕ್ಕೇ ಹೊತ್ತಿಗೆ ಸರಿಯಾಗಿ ಮುಟ್ಟಿದ್ಳು" ಎಂದರು. ಹೆಂಚು ತೆಗೆಯುವ ಪ್ರಸಂಗ ಬಂದದ್ದೇ ಪ್ರಸ್ಥಾನದಿಂದ ಎಂದು ಹೇಳಲು ಮನೆಯಲ್ಲಿ ಯಾರಿಗೂ ಧೈರ್ಯವಾಗಲಿಲ್ಲ.

ಇರಲಿ. ಕ್ರಾನ್ ಪಟ್ಟಿ ಬರೆದು ಮೂರು ವರ್ಷ ಕಳೆದಿತ್ತು. ಹೋದ ವರ್ಷ ಒಂದು ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು, ಹಳೆಯ ಯುಪಿಎಸ್ಸು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು, ಸರ್ವರ್ ದೊಪ್ಪನೆ ಆರಿತು. ಕರೆಂಟು ಸಂಜೆಯವರೆಗೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ತುರ್ತು ಸ್ಥಿತಿ, ರೂಟ್ ಪಾಸ್‌ವರ್ಡ್ ಕೊಡಿ. ರೂಟ್ ಎಂದರೆ ಮನೆಯ ಯಜಮಾನಿ ಇದ್ದಹಾಗೆ. ಎಲ್ಲ ಕೋಣೆಯ ಬೀಗದ ಕೈಯೂ ಅವಳ ಸೊಂಟದಲ್ಲಿ. ಯಾರ ಫೈಲನ್ನು ಬೇಕಾದರೂ ತೆರೆದು ಓದಬಹುದು. ನಾನು ಓದಿದವಳಲ್ಲ. ಒಳ್ಳೆಯತನದಿಂದ ಎಂದುಕೊಳ್ಳಬೇಡಿ. ಅಲ್ಲಿರುವುದೆಲ್ಲ ಬರೀ ಸುತ್ತೋಲೆ ಎಂದು ನಾನು ನಂಬಿದ್ದೆ.

ಶಂಕರಪ್ಪನವರು ಒಳಗೆ ಬಂದು ಬಾಗಿಲು ಮುಚ್ಚಿದರು. ಮುಖ ಬಿಳಿಚಿಕೊಂಡಿತ್ತು.

"ಏನಾತು ಮೇಡಂ?"

"ಡಿಸ್ಕಿಗೆ ಪೆಟ್ಟಾಗಿದೆ ಸಾರ್. ರಿಪೇರಿ ಮಾಡೋ ಕಮಾಂಡ್ ಇದೆ, ನೋಡೋಣ."

"ಅದರಾಗ ನಂದೊಂದು ಫೈಲ್ ಐತಿ."

"ಆಫೀಸಿನದಾ?"

"ಆಫೀಸಿನದಲ್ಲ." ಬಾಗಿಲಿನ ಕಡೆ ಒಮ್ಮೆ ನೋಡಿದರು. "ನಮ್ಮವ್ವನ ಬೈಗುಳ."

ನನಗೆ ಅರ್ಥವಾಗಲಿಲ್ಲ. ಅವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. ಗಂಗಮ್ಮನ ಬೈಗುಳ ಎಂದರೆ ಆನವಟ್ಟಿಯ ಅವರ ಓಣಿಯಲ್ಲಿ ಹೆಸರುವಾಸಿ. ಒಮ್ಮೆ ಬೈದದ್ದನ್ನು ಇನ್ನೊಮ್ಮೆ ಬೈದವಳಲ್ಲ. ಪ್ರತಿಯೊಂದು ತಪ್ಪಿಗೂ ಹೊಸದಾಗಿ ಕಟ್ಟಿ ಬೈಯುತ್ತಿದ್ದಳು. ಹತ್ತು ಹದಿನೈದು ವರ್ಷದಿಂದ ಪ್ರತಿ ಭಾನುವಾರ ತಿಂದ ಬೈಗುಳವನ್ನು ಇವರು ಚೀಟಿಯಲ್ಲಿ ಗುರುತುಹಾಕಿಕೊಂಡು ಬಂದು, ಸೋಮವಾರ ಆಫೀಸಿನಲ್ಲಿ ಟೈಪು ಮಾಡಿ, ಯಾರಾದರೂ ಓದಿಯಾರು ಎಂದು ಚೀಟಿ ಹರಿದುಹಾಕುತ್ತಿದ್ದರು. ಚಿಕ್ಕಂದಿನಲ್ಲಿ ತಿಂದವನ್ನೂ ನೆನಪು ಮಾಡಿಕೊಂಡು ಸೇರಿಸಿದ್ದರು. ಹಳೆಯ ಕಂಪ್ಯೂಟರಿನಿಂದ ನಾನೇ ಅದನ್ನು ಈ ಸರ್ವರಿಗೆ ದಾಟಿಸಿದ್ದೆ. ಫೈಲಿಗೆ ಇಟ್ಟ ಹೆಸರು 'ಸಾಮಾನ್ಯ ಪತ್ರವ್ಯವಹಾರ.'

ನನಗೆ ನಗು ಬಂತು. ನಕ್ಕೂಬಿಟ್ಟೆ.

"ನಗ್ರಿ, ನಗ್ರಿ," ಎಂದರು. "ದೀಪಾವಳಿ ಹೊತ್ತಿಗೆ ಅವ್ವಗೆ ಜ್ವರ ಬಂದಿತ್ತಲ್ರೀ. ಎದ್ದ ಮ್ಯಾಲೆ ಬೈಯೋದೇ ಬಿಟ್ಟಾಳೆ. ಒಂದೂ ಇಲ್ಲ. ಹೋದ್ರೆ 'ಬಂದ್ಯಾಪ್ಪಾ, ಕೂತ್ಕೋ, ಊಟ ಮಾಡು' ಅಂತಾಳೆ. ನನಗೆ, ಅಪ್ಪಾ ಅಂತಾಳ್ರೀ ಮೇಡಂ! ಯಾರೋ ನೆಂಟರನ್ನ ಮಾತಾಡಿಸಿದಂಗೆ. ನಾನು ಬೇಕಂತ ಚೊಂಬು ಬೀಳಿಸಿ ನೋಡಿದೆ. 'ಹೋಗ್ಲಿ ಬಿಡು' ಅಂದ್ಲು. ಮೊದಲಿನ ಅವ್ವ ಇರೋದು ಅದೊಂದು ಫೈಲ್‌ನಾಗ ಮಾತ್ರ."

ನನ್ನ ನಗು ನನಗೇ ನಾಚಿಕೆ ತಂದಿತು. ಇಷ್ಟು ವರ್ಷ ಇವರನ್ನು ವಾಚು ಕಟ್ಟಿದ ಕಂಬ ಎಂದು ತಿಳಿದಿದ್ದೆನಲ್ಲ ಎಂದು ಬೇಸರವಾಯಿತು. ತಕ್ಷಣ ಕೀಬೋರ್ಡಿಗೆ ಕೈ ಹಾಕಿದೆ. ಅವರೂ ತಕ್ಷಣ ವಾಚು ನೋಡಿಕೊಂಡರು.

"ಮೇಡಂ, ಹತ್ತೂ ಇಪ್ಪತ್ತು. ಹತ್ತೂವರೆಗೆ ರಾಹುಕಾಲ. ಅಷ್ಟರಾಗ ಮುಗೀತೈತಾ?"

"ಇಲ್ಲ ಸಾರ್. ಶುರು ಮಾಡಿದ್ರೆ ನಡುವೆ ನಿಲ್ಲಿಸೋ ಹಾಗೂ ಇಲ್ಲ."

"ಹಂಗಾದ್ರೆ ಹನ್ನೆರಡರ ಮ್ಯಾಲೆ ಮಾಡ್ರಿ."

"ಸಾರ್, ಡಿಸ್ಕಿಗೆ ರಾಹುನೂ ಗೊತ್ತಿಲ್ಲ ಕೇತುನೂ ಗೊತ್ತಿಲ್ಲ!" ಎಂದು ರೇಗಿದೆ. ಅವರು ಸುಮ್ಮನೆ ಕೈ ಮುಗಿದರು. ಆ ಮುಗಿದ ಕೈಯಲ್ಲಿ ನನಗೆ ಯಾಕೋ ನಮ್ಮಜ್ಜ ಕಂಡರು. ಹಗ್ಗ, ಏಣಿ, ಚೀಲ ಎಲ್ಲ ಕಂಡವು.

"ಪ್ರಸ್ಥಾನ ಇಡೋಣ ಸಾರ್," ಎಂದೆ.

ಅವರ ಕಣ್ಣು ಅರಳಿತು. "ಕಂಪ್ಯೂಟರಿಗೂ ಇಡಾಕ ಬರ್ತೈತಾ?"

ಬರುತ್ತದೆ. ಲಿನಕ್ಸಿನಲ್ಲಿ ಸ್ಲೀಪ್ ಎಂದೊಂದು ಕಮಾಂಡ್ ಇದೆ. ಇಷ್ಟು ಸೆಕೆಂಡ್ ಎಂದು ಹೇಳಿದರೆ ಅಷ್ಟು ಹೊತ್ತು ಏನೂ ಮಾಡದೆ ಮಲಗುವುದೇ ಅದರ ಕೆಲಸ. ಅದರ ಹಿಂದೆ ರಿಪೇರಿಯ ಕಮಾಂಡನ್ನು ಕಟ್ಟಿಬಿಟ್ಟರೆ, ಮಲಗಿ ಎದ್ದ ಮೇಲೆ ರಿಪೇರಿ. ಒಂದೂವರೆ ಗಂಟೆಗೆ ಐದು ಸಾವಿರದ ನಾನೂರು ಸೆಕೆಂಡ್ ಎಂದು ಟೈಪು ಮಾಡಿದೆ. ಶಂಕರಪ್ಪನವರು ಬಗ್ಗಿ ನೋಡಿದರು.

"ಈಗ ಹತ್ತೂ ಇಪ್ಪತ್ತೇಳು. ಹನ್ನೊಂದೂ ಐವತ್ತೇಳಕ್ಕೇ ಎದ್ದುಬಿಡ್ತೈತಿ. ಇನ್ನೂ ರಾಹು ಇರ್ತಾನೆ. ಐದು ನಿಮಿಷ ಹೆಚ್ಚಿಗಿ ಹಾಕ್ರಿ."

ಐದು ಸಾವಿರದ ಏಳುನೂರು ಮಾಡಿದೆ. ಎಂಟರ್ ಒತ್ತುವ ಮೊದಲು ಅವರು ಚಪ್ಪಲಿ ಬಿಟ್ಟರು. ಒತ್ತಿದೆ. ಪರದೆಯ ಮೇಲೆ ಗೆರೆಯೊಂದು ಮಿಟುಕುತ್ತ ನಿಂತಿತು. ಚೀಲ ಪಕ್ಕದ ಮನೆ ಸೇರಿತ್ತು.

ಇನ್ನು ಒಂದೂವರೆ ಗಂಟೆ ಏನು ಮಾಡುವುದು? ಕ್ಯಾಂಟೀನಿನಿಂದ ಚಹಾ ತರಿಸಿದೆವು. ಶಂಕರಪ್ಪನವರು ಮೊದಲು ಸಂಕೋಚದಿಂದ, ಆಮೇಲೆ ಸಂಕೋಚವೇ ಇಲ್ಲದೆ, ನೆನಪಿದ್ದ ಬೈಗುಳಗಳನ್ನು ಒಂದೊಂದಾಗಿ ಹೇಳತೊಡಗಿದರು. ಫೈಲನ್ನು ಅವರು ಆಫೀಸಿನ ಕ್ರಮದಲ್ಲೇ ಇಟ್ಟಿದ್ದರು. ಕ್ರಮಸಂಖ್ಯೆ, ದಿನಾಂಕ, ಸಮಯ, ಬೈಗುಳ, ಕಾರಣ, ಕೊನೆಗೆ ಷರಾ.

"ಹಪ್ಪಳ ಕಾಯಾಕ ಕೂರಿಸಿದ್ರೆ ಕಾಗಿ ಜತಿ ಮಾತಿಗೆ ಕೂತೋನೇ. ಕಾರಣ, ಹಪ್ಪಳ. ಷರಾ, ಸಮಂಜಸ."

"ಎಲ್ಲದಕ್ಕೂ ಷರಾ ಇದೆಯಾ ಸಾರ್?"

"ಇರಬೇಕಲ್ರೀ. ನೆಂಟರ ಮನ್ಯಾಗ ಬ್ಯಾಡ ಬ್ಯಾಡ ಅಂದು ಮನಿಗೆ ಬಂದು ಗಡಿಗಿ ಕೆರೆಯೋನೇ. ಇದಕ್ಕೂ ಸಮಂಜಸ. ಆದ್ರೆ ಎಮ್ಮಿ ಮ್ಯಾಲೆ ಕೂತು ಎಮ್ಮಿ ಎಲ್ಲೈತಿ ಅಂತ ಊರೆಲ್ಲಾ ಕೇಳೋನೇ, ಇದು ನನಗಲ್ಲ ಬೈಬೇಕಾಗಿದ್ದು. ತಪ್ಪು ತಮ್ಮಂದು. ಷರಾದಾಗ ಬರದೀನಿ, ತಮ್ಮನಿಗೆ ಸಂಬಂಧಿಸಿದ್ದು ಅಂತ."

ಮದುವೆಯ ದಿನ ಬಿದ್ದದ್ದು ಯಾವುದು ಎಂದು ಕೇಳಿದೆ. ಅವರು ವಾಚನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡರು. "ಹಸಿವಾದ್ರೂ ಪಂಚಾಂಗ ಕೇಳಿ ಉಣ್ಣೋನೇ."

"ಷರಾ?"

"ಪರಿಶೀಲನೆಯಲ್ಲಿದೆ."

ನಾನು ಮೇಜಿಗೆ ತಲೆಯಿಟ್ಟು ನಕ್ಕೆ. ಅವರೂ ನಕ್ಕರು. ಗಾಜಿನ ಆಚೆ ಹುಡುಗರು ಸಾಲಾಗಿ ನಿಂತು ನೋಡುತ್ತಿದ್ದರು. ಸರ್ವರ್ ಸತ್ತಿದೆ, ಮೇಡಮ್ಮೂ ಸೂಪರಿಂಟೆಂಡೆಂಟರೂ ಚಹಾ ಕುಡಿದು ನಗುತ್ತಿದ್ದಾರೆ. ಅವರು ಏನೆಂದುಕೊಂಡರೋ ನನಗೆ ಗೊತ್ತಿಲ್ಲ.

ಹನ್ನೆರಡೂ ಎರಡಕ್ಕೆ ಪರದೆ ಎಚ್ಚರವಾಯಿತು. ಅಕ್ಷರಗಳು ಸರಸರನೆ ಹರಿದವು. ಇದು ಕೆಟ್ಟಿದೆ, ಸರಿಮಾಡಲೇ? ಅದು ಹರಿದಿದೆ, ಹೊಲಿಯಲೇ? ಎಲ್ಲದಕ್ಕೂ ಹೂಂ ಎನ್ನು ಎಂದು ಮೊದಲೇ ಹೇಳಿಟ್ಟಿದ್ದೆ, ಹೂಂ ಎನ್ನುತ್ತ ಹೋಯಿತು. ಮುಗಿದ ಮೇಲೆ ಸರ್ವರಿನೊಳಗೆ ಶಂಕರಪ್ಪನವರ ಫೈಲುಗಳಿರುವ ಕೋಣೆ ತೆರೆದೆ. ಖಾಲಿ. ಯಾರ ಫೈಲೆಂದು ಗುರುತು ಸಿಗದ ಚೂರುಗಳನ್ನು ಲಿನಕ್ಸ್ ಒಂದು ಕಡೆ ರಾಶಿ ಹಾಕಿಡುತ್ತದೆ. ಅಲ್ಲಿ ಹುಡುಕಿದೆ. ಹೆಸರಿಲ್ಲದ, ಬರೀ ನಂಬರಿನ ಚೂರುಗಳು. ಒಂದರಲ್ಲೂ ಕಾಗೆಯಿಲ್ಲ, ಹಪ್ಪಳವಿಲ್ಲ, ಗಡಿಗೆಯಿಲ್ಲ.

"ಹೋತಾ?" ಎಂದರು.

"ಬ್ಯಾಕಪ್ ಇದೆಯಲ್ಲ ಸಾರ್," ಎಂದೆ, ಬಹಳ ಜಂಬದಿಂದ. "ನೀವೇ ಹೊತ್ತು ಇಟ್ಟುಕೊಟ್ಟಿದ್ದು. ಬುಧವಾರ ಎರಡು ಗಂಟೆಯದ್ದಂತೂ ಇದ್ದೇ ಇರುತ್ತೆ."

ಬ್ಯಾಕಪ್ಪಿನ ಡಿಸ್ಕು ತೆರೆದೆ. ಬುಧವಾರದ್ದು ಇರಲಿಲ್ಲ. ಸೋಮವಾರದ್ದೂ ಇರಲಿಲ್ಲ. ಹಿಂದಿನ ವಾರ ನೋಡಿದೆ, ಅದರ ಹಿಂದಿನ ವಾರ ನೋಡಿದೆ. ವಾರಕ್ಕೆ ಆರು ಇರಬೇಕಾದ ಕಡೆ ವಾರಕ್ಕೊಂದೇ ಇತ್ತು. ಎಲ್ಲವೂ ಮಂಗಳವಾರದವು. ಕೊನೆಯದು ಮೂರು ದಿನದ ಹಿಂದಿನ ಮಂಗಳವಾರ, ಹತ್ತು ಗಂಟೆ ಹದಿನೈದು ನಿಮಿಷ. ಅದರೊಳಗೆ ಸಾಮಾನ್ಯ ಪತ್ರವ್ಯವಹಾರ, ಕ್ರಮಸಂಖ್ಯೆ ಒಂದರಿಂದ ಕೊನೆಯವರೆಗೆ, ಷರಾ ಸಮೇತ.

"ಹತ್ತೂಕಾಲು!" ಶಂಕರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿದ್ರಾ ಮೇಡಂ? ನಾನು ಹೇಳಿದ ಹೊತ್ತು! ಅವತ್ತು ನೀವು ಒಂದು ಗಂಟೆ ಅಂದ್ರಿ. ಆ ಹೊತ್ತೇ ನನ್ನವ್ವನ್ನ ಉಳಿಸಿತು ನೋಡ್ರಿ!" ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊರಗೆ ಹೋಗಿ ಹುಡುಗರಿಗೆಲ್ಲ ಕೇಳುವಂತೆ, "ಮೇಡಂ ಎಲ್ಲಾ ಸರಿ ಮಾಡಿದ್ರು" ಎಂದರು.

ನಾನು ಒಬ್ಬಳೇ ಕೂತು, ಬರೀ ಮಂಗಳವಾರದ್ದು ಮಾತ್ರ ಯಾಕೆ ಎಂದು ಯೋಚಿಸಿದೆ. ಆಮೇಲೆ ಮಾಡಬೇಕಾದ ಒಂದು ಚಿಕ್ಕ ಕೆಲಸ ಮಾಡಿದೆ. ಮೂರು ವರ್ಷದ ಹಿಂದೆಯೇ ಮಾಡಬೇಕಿತ್ತು. ಗಂಟೆ ಎಷ್ಟಪ್ಪಾ ಎಂದು ಸರ್ವರನ್ನೇ ಕೇಳಿದೆ. ಮಧ್ಯಾಹ್ನ ಒಂದೂ ಹತ್ತಾಗಿತ್ತು. ಸರ್ವರ್ ಬೆಳಗಿನ ಏಳೂ ನಲವತ್ತು ಎಂದಿತು.

ಹೊಸದಾಗಿ ಲಿನಕ್ಸ್ ಹಾಕಿದಾಗ ಸರ್ವರಿಗೆ ಅದು ಯಾವ ಊರಿನಲ್ಲಿದೆ ಎಂದು ನಾನು ಹೇಳಿರಲಿಲ್ಲ. ಯಾರೂ ಹೇಳದಿದ್ದರೆ ಅದು ಲಂಡನ್ ಕಡೆಯ ಗಡಿಯಾರ ಇಟ್ಟುಕೊಳ್ಳುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನನಗೆ ಗೊತ್ತಿರಲಿಲ್ಲ ಎಂದಲ್ಲ. ನೋಡಿದ್ದೆ, ಸೋಮಾರಿತನದಿಂದ ಹಾಗೇ ಬಿಟ್ಟಿದ್ದೆ. ನಮ್ಮ ಮನೆಯ ಗಡಿಯಾರ ಹತ್ತು ನಿಮಿಷ ಮುಂದಿದೆ, ಕಳೆದುಕೊಂಡು ನೋಡುತ್ತೇವೆ. ಇದು ಐದೂವರೆ ಗಂಟೆ ಹಿಂದಿದೆ, ಕೂಡಿಸಿಕೊಂಡು ನೋಡುವುದು. ಕೂಡಿಸಿ ಕೂಡಿಸಿ ನನಗೆ ರೂಢಿಯಾಗಿತ್ತು. ಕ್ರಾನ್ ಕೂಡಿಸಿಕೊಳ್ಳುವುದಿಲ್ಲ ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಅವನು ಆ ಗಡಿಯಾರವನ್ನೇ ನಂಬಿದ್ದ. ಒಂದು ಗಂಟೆಯ ಬ್ಯಾಕಪ್ಪಿಗೆ ಅವನು ಏಳುವ ಹೊತ್ತಿಗೆ ಇಲ್ಲಿ ಸಂಜೆ ಆರೂವರೆ. ನಾನು ಐದರ ಬಸ್ಸು ಹಿಡಿಯಲು ನಾಲ್ಕೂ ಮುಕ್ಕಾಲಿಗೇ ಸರ್ವರನ್ನು ಆರಿಸಿ ಹೊರಟಿರುತ್ತೇನೆ. ಬಾಕಿ ದಿನಗಳದೂ ಇದೇ ಕತೆ, ಶನಿವಾರವಂತೂ ಅರ್ಧ ದಿನಕ್ಕೇ ಆರಿಸಿರುತ್ತೇನೆ. ಮಂಗಳವಾರದ ಹತ್ತೂಕಾಲು ಒಂದೇ, ಬೆಳಗಿನ ಹೊತ್ತಾದ್ದರಿಂದ, ನಾನು ಇರುವಾಗಲೇ ಬರುತ್ತಿತ್ತು. ಹತ್ತೂಕಾಲಿಗೆ ಐದೂವರೆ ಕೂಡಿಸಿ ನೋಡಿ. ಮೂರೂ ಮುಕ್ಕಾಲು. ಮಂಗಳವಾರ ರಾಹುಕಾಲ ಮೂರರಿಂದ ನಾಲ್ಕೂವರೆ.

ಮೂರು ವರ್ಷ, ವಾರ ವಾರವೂ, ರಾಹುಕಾಲದ ನಟ್ಟನಡುವೆ, ಗಂಗಮ್ಮನ ಬೈಗುಳ ಭದ್ರವಾಗಿ ನಕಲಾಗುತ್ತಿತ್ತು. ಒಳ್ಳೆಯ ಹೊತ್ತಿಗೆ ಇಟ್ಟದ್ದು ಒಂದೂ ಆಗಿರಲಿಲ್ಲ.

ಶಂಕರಪ್ಪನವರಿಗೆ ಹೇಳಬೇಕು ಎಂದು ಬಾಗಿಲಿನವರೆಗೂ ಹೋದೆ. ಅವರು ಆಫೀಸಿನಲ್ಲಿ ಇಡೀ ಫೈಲನ್ನು ಪ್ರಿಂಟು ಹಾಕಿಕೊಂಡು, ಪುಟಗಳನ್ನು ಮೇಜಿಗೆ ತಟ್ಟಿ ತಟ್ಟಿ ಜೋಡಿಸುತ್ತಿದ್ದರು. ಪ್ರಿಂಟರಿಗೆ ತಾವೇ ಕಾಗದ ಹಾಕಿದ್ದರು. ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ಸೋಮಾರಿತನವನ್ನೂ ಹೇಳಬೇಕಾಗುತ್ತಿತ್ತು ಎನ್ನುವುದೂ ಒಂದು ಕಾರಣ, ಒಪ್ಪಿಕೊಳ್ಳುತ್ತೇನೆ. ತಿರುಗಿ ಬಂದು ಸರ್ವರಿಗೆ ಅದರ ಊರು ಯಾವುದೆಂದು ಹೇಳಿ ಗಡಿಯಾರ ಸರಿಮಾಡಿದೆ. ಆರು ಸಾಲನ್ನು ಹಾಗೇ ಬಿಟ್ಟೆ. ಈಗ ಅದು ನಿಜವಾಗಿಯೂ ರಾಹುಕಾಲ ತಪ್ಪಿಸಿ ಕೆಲಸ ಮಾಡುತ್ತಿದೆ. ಹುಡುಗರದು ಎರಡು ದಿನದ ಪ್ರೋಗ್ರಾಮುಗಳು ಹೋದವು. ಅವರು ಹೆಚ್ಚೇನೂ ದುಃಖಪಡಲಿಲ್ಲ. ಯಾರನ್ನು ನೋಡಿ ಬರೆದಿದ್ದರೋ ಅವರನ್ನೇ ನೋಡಿ ಇನ್ನೊಮ್ಮೆ ಬರೆದರು.

ಆ ಭಾನುವಾರ ಸಂಜೆ ಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದೆ. ಫೋನು ಬಂತು. ಶಂಕರಪ್ಪನವರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಮೇಡಂ, ಬರಕೊಳ್ರಿ, ಬರಕೊಳ್ರಿ!"

"ಏನಾಯ್ತು ಸಾರ್? ಅಮ್ಮ ಹುಷಾರಾಗಿದಾರಾ?"

"ಅವ್ವನ ಮುಂದೆ ಕೂತು ಫೈಲ್ ಓದಿದೆ ರೀ. ಮೊದಲನೇದರಿಂದ. ಗಲ್ಲಕ್ಕೆ ಕೈಕೊಟ್ಟು ಕೇಳಿದ್ಲು. ಅರ್ಧ ಆದ ಮ್ಯಾಲೆ 'ಯಾರಪ್ಪಾ ಈ ಹರಕುಬಾಯಿ, ಚಲೋ ಬೈದಾಳೆ' ಅಂದ್ಲು. ನೀನೇ ಅಲ್ಲೇನವ್ವ, ಎಲ್ಲಾ ನೀ ನನಗೆ ಬೈದಿದ್ದು, ನಾನು ಬರದಿಟ್ಟೀನಿ ಅಂದೆ. ಆಗ ನೋಡ್ರಿ! ಎದ್ದು ಕೂತ್ಲು!"

"ಬೈದ್ರಾ?"

"ಬೈದ್ಲು! ಬರಕೊಳ್ರಿ. ನನ್ನ ಹತ್ರ ಚೀಟ್ಯಾಗ ಒಂದೈತಿ. ಒಂದೇ ಕಡೆ ಇದ್ರೆ ನಡಿಯಂಗಿಲ್ಲ, ಎರಡು ಕಡೆ ಇರಬೇಕು. ನೀವೇ ಅಲ್ಲೇನ್ರಿ ಹೇಳಿದ್ದು?"

ಹತ್ತಿರದಲ್ಲಿ ಕಾಗದವಿರಲಿಲ್ಲ. ಮಗಳ ಪೆನ್ಸಿಲು ತೆಗೆದುಕೊಂಡು ಕ್ಯಾಲೆಂಡರಿನ ಮುಂದೆ ನಿಂತೆ. ಅವರು ಬಿಡಿಸಿ ಬಿಡಿಸಿ ಹೇಳಿದರು, ನಾನು ಬರೆದೆ.

'ಹೇಳಿದ್ದು ಒಂದನ್ನೂ ಕೇಳಲಿಲ್ಲ, ಎಲ್ಲಾ ಬರಕೊಂಡ್ಯೇನೋ! ಊಟಕ್ಕೆ ಕೂತು ಬರೀ ಎಲೆ ತೊಳದು ಎದ್ದು ಹೋದೋನೇ!'

"ಕಾರಣ ಏನಂತ ಬರೀಲಿ ಸಾರ್?"

"ಫೈಲ್ ಅಂತ ಬರೀರಿ."

"ಷರಾ?"

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಕೇಳಿತು. "ಸಮಂಜಸ," ಎಂದರು.

"ಸಮಯ ಎಷ್ಟು ಅಂತ ಹಾಕಲಿ?"

"ಸಮಯ..." ಎಂದರು. ಹಿಂದಿನಿಂದ ಒಂದು ಮುದಿ ಗಂಟಲು ಕಿರುಚಿತು. ಯಾರಿಗೆ ಹೇಳಾಕ ಹತ್ತೀಯೋ, ಇಡೋ ಕೆಳಗ ಆ ಫೋನು, ಎಂದಿದ್ದರ ಜೊತೆಗೆ ಇನ್ನೂ ಏನೇನೋ ಇತ್ತು. "ಅಯ್ಯೋ, ಇನ್ನೊಂದು ಬಂತು! ಸಮಯ ನೋಡಿಲ್ಲ ಮೇಡಂ!" ಎಂದು ಫೋನಿಟ್ಟರು.

ನಾನು ನೋಡಿದೆ. ಐದೂ ಹತ್ತಾಗಿತ್ತು. ಬೈಗುಳ ಬರೆದ ಚೌಕದ ಕೆಳಗೇ, ಕ್ಯಾಲೆಂಡರಿನ ಮೂಲೆಯಲ್ಲಿ, ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು: ಭಾನುವಾರ, ರಾಹುಕಾಲ, ನಾಲ್ಕೂವರೆಯಿಂದ ಆರು. ಸೋಮವಾರ ಸರ್ವರಿನ ಫೈಲಿಗೆ ಆ ಸಾಲನ್ನು ನಾನೇ ಸೇರಿಸಿದೆ. ಸಮಯದ ಕಾಲಂ ಖಾಲಿ ಬಿಟ್ಟೆ.